ಮೂರು ತಲೆಮಾರಿನ ಕಾದಂಬರಿ: ಎಲ್ಲಿಂದ ಆರಂಭಿಸಬೇಕು?

ಕಾಸರಗೋಡಿನ ಮೂರು ತಲೆಮಾರುಗಳ ಕಾದಂಬರಿಯನ್ನು 1956ರ ನವೆಂಬರ್ 1ರಿಂದ ಆರಂಭಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಊರು ಕೇರಳಕ್ಕೆ ಸೇರಿದ್ದು ಇತಿಹಾಸ. ಕಥೆಗೆ ಒಬ್ಬ ಮನುಷ್ಯನ ತುರ್ತು ಬೇಕು. ನೀವು ಹೇಳಿದ ಅರ್ಜಿ ಬರೆಯುವ ಅಜ್ಜನನ್ನೇ ಹಿಡಿಯಿರಿ. ಬದಿಯಡ್ಕದ ವಿಧವೆಯೊಬ್ಬಳು ಅಡಿಕೆ ತೋಟದ ಕಾಗದ ಹಿಡಿದು ಬರುತ್ತಾಳೆ. ಅದು ಮಲಯಾಳದಲ್ಲಿದೆ; ಅಜ್ಜನಿಗೆ ಆ ಲಿಪಿ ಬಾರದು. ಒಪ್ಪಿಕೊಂಡರೆ ಅವನ ಕಸುಬು ಹೋಗುತ್ತದೆ, ಸುಳ್ಳು ಹೇಳಿದರೆ ಅವಳ ತೋಟ ಹೋಗುತ್ತದೆ. ಅಲ್ಲಿಂದಲೇ ಬರೆಯಿರಿ!

ಮನೆಯಲ್ಲಿ ತುಳು, ಅರ್ಜಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ: ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಅರ್ಧ ಕಥೆ ಅದರಿಂದಲೇ ಹುಟ್ಟುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ ಮಗನ ಕಾಲಕ್ಕಿರಲಿ. ಅಜ್ಜ ಆ ಕಾಗದವನ್ನು ಏನು ಮಾಡಿದನೆಂದು ನಿಮಗೇ ತಿಳಿಯುವವರೆಗೆ ಮೊಮ್ಮಗಳ ಭಾಗಕ್ಕೆ ಕೈ ಹಾಕಬೇಡಿ.