ಸಂಪಾದಕರ ಉತ್ತರ: ಬಜ್ಪೆಯ ಪದವು ಮತ್ತು ರನ್‌ವೇಯ ತುದಿ

ಸುರತ್ಕಲ್ ಕಡೆಯವರಾದ, ಇಪ್ಪತ್ತು ವರ್ಷಗಳಿಂದ ಅಬುಧಾಬಿಯಲ್ಲಿ ದುಡಿಯುತ್ತಿರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಬಜ್ಪೆಯಲ್ಲಿರುವ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ವಿಸ್ತರಣೆಯ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆ ಅಪಸ್ವರ ಎತ್ತುತ್ತದೆ ಎಂಬುದು ಅವರ ದೂರು. ‘ಕೇರಳದ ಕಣ್ಣೂರಿನವರು ನಿನ್ನೆ ಮೊನ್ನೆ ಶುರು ಮಾಡಿ 3,050 ಮೀಟರ್ ರನ್‌ವೇ ಹಾಕಿಕೊಂಡರು, ನಾವು ಇನ್ನೂ 2,450 ಮೀಟರಿನಲ್ಲೇ ಕುಳಿತಿದ್ದೇವೆ. ಗುಡ್ಡದ ಬುಡದ ಹತ್ತಿಪ್ಪತ್ತು ಮನೆಗಳ ತಕರಾರಿಗೆ ಇಡೀ ಜಿಲ್ಲೆಯ ಭವಿಷ್ಯವನ್ನು ಒತ್ತೆ ಇಡುವುದು ನ್ಯಾಯವೇ? ದೊಡ್ಡ ರನ್‌ವೇ ಬಂದರೆ ದೊಡ್ಡ ವಿಮಾನ ಬರುತ್ತದೆ, ದೊಡ್ಡ ವಿಮಾನ ಬಂದರೆ ಟಿಕೆಟ್ ದರ ಇಳಿಯುತ್ತದೆ’ ಎಂದು ಅವರು ಬರೆಯುತ್ತಾರೆ. ಪತ್ರ ಸುಂದರವಾಗಿದೆ. ಊರಿನ ಮೇಲಿನ ಪ್ರೀತಿ ಅದರ ಪ್ರತಿ ಸಾಲಿನಲ್ಲೂ ಇದೆ, ಸಿಟ್ಟೂ ಆ ಪ್ರೀತಿಯಿಂದಲೇ ಹುಟ್ಟಿದ್ದು. ಆದ್ದರಿಂದ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲಿಗೆ, ನೀವು ಹೇಳಿದ್ದರಲ್ಲಿ ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಈ ಕರಾವಳಿಯ ಸಾವಿರಾರು ಮನೆಗಳ ಒಲೆ ಉರಿಯುವುದು ಗಲ್ಫಿನ ಸಂಬಳದಿಂದ. ಹಬ್ಬಕ್ಕೆ, ಮದುವೆಗೆ, ತಾಯಿಯ ಕೊನೆಯ ಗಳಿಗೆಗೆ ಊರಿಗೆ ಬರಲು ನೀವು ತೆರುವ ದರ ನ್ಯಾಯವಾದುದಲ್ಲ. ವಿಮಾನ ನಿಲ್ದಾಣ ಬೆಳೆಯಬೇಕು ಎನ್ನುವುದರಲ್ಲಿ ನನಗೂ ನಿಮಗೂ ಭೇದವಿಲ್ಲ. ಏನು ಮೊದಲು ಬೆಳೆಯಬೇಕು ಎಂಬಲ್ಲಿ ಮಾತ್ರ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ.

ದೊಡ್ಡ ರನ್‌ವೇ ಬಂದರೆ ದೊಡ್ಡ ವಿಮಾನ ಬರುತ್ತದೆ ಎಂಬ ನಿಮ್ಮ ನಂಬಿಕೆಯನ್ನೇ ತೆಗೆದುಕೊಳ್ಳೋಣ. ನೀವು ಹೊಗಳುವ ಕಣ್ಣೂರು 2018ರ ಡಿಸೆಂಬರ್ 9ರಂದು ತೆರೆಯಿತು. ರನ್‌ವೇ ಉದ್ದವಾಗಿದೆ, ಕಟ್ಟಡ ವಿಶಾಲವಾಗಿದೆ, ಆದರೂ ವಿದೇಶಿ ವಿಮಾನ ಕಂಪನಿಗಳಿಗೆ ಅಲ್ಲಿ ಇಳಿಯುವ ಹಕ್ಕು ಕೊಡಿ ಎಂದು ಅಲ್ಲಿನವರು ಕೇಂದ್ರ ಸರ್ಕಾರದ ಮುಂದೆ ವರ್ಷಗಟ್ಟಲೆ ಕಾಯಬೇಕಾಯಿತು. ‘ಪಾಯಿಂಟ್ ಆಫ್ ಕಾಲ್’ ಎಂದು ಕರೆಯುವ ಆ ಹಕ್ಕು ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ ಬರೆಯಲ್ಪಡುತ್ತದೆ. ಅದನ್ನು ಡಾಂಬರಿನಲ್ಲಿ ಹಾಸಲು ಆಗುವುದಿಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಘಟ್ಟ ಹತ್ತಿ ಶಿವಮೊಗ್ಗಕ್ಕೆ ಹೋಗಿ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅಲ್ಲಿನ ರನ್‌ವೇ 3,200 ಮೀಟರ್, ನಮ್ಮದಕ್ಕಿಂತ 750 ಮೀಟರ್ ಹೆಚ್ಚು. ಅಲ್ಲಿಗೆ ಸೇವೆ ಆರಂಭಿಸಿದ್ದು ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನಗಳು. ಉದ್ದ ಮುಖ್ಯವಲ್ಲ ಎಂದು ನಾನು ವಾದಿಸುತ್ತಿಲ್ಲ. ಉದ್ದವೊಂದನ್ನೇ ಊರಿನ ಮಾನದ ಅಳತೆಗೋಲು ಮಾಡಿಕೊಂಡರೆ ನೋಡಬೇಕಾದ್ದು ಕಣ್ಣಿಗೆ ಬೀಳುವುದಿಲ್ಲ ಎನ್ನುತ್ತಿದ್ದೇನೆ.

ನೋಡಬೇಕಾದ್ದು ರನ್‌ವೇ ಮುಗಿದ ಮೇಲೆ ಏನಿದೆ ಎಂಬುದನ್ನು.

ತುಳುನಾಡಿನಲ್ಲಿ ತಲೆ ಚಪ್ಪಟೆಯಾದ ಮುರಕಲ್ಲಿನ ಗುಡ್ಡಕ್ಕೆ ‘ಪದವು’ ಎನ್ನುತ್ತಾರೆ. ಟೇಬಲ್‌ಟಾಪ್ ಎಂಬ ಮಾತು ನಮಗೆ ಪತ್ರಿಕೆಗಳಿಂದ ಗೊತ್ತಾಗುವುದಕ್ಕೆ ಎಷ್ಟೋ ಮೊದಲು ನಮ್ಮ ಹಿರಿಯರಿಗೆ ಪದವು ಗೊತ್ತಿತ್ತು. ಮೇಲೆ ಮುಳಿಹುಲ್ಲು, ದನ ಮೇಯುವ ಬಯಲು. ಅಂಚಿಗೆ ಬಂದರೆ ನೇರ ಇಳಿಜಾರು, ಕೆಳಗೆ ತೋಟ, ಗದ್ದೆ, ತೋಡು. ಅಂಥ ಒಂದು ಪದವಿನ ಮೇಲೆ 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರ ಡಕೋಟಾ ವಿಮಾನ ಇಳಿಯಿತು. ಆ ಹಳೆಯ ಚಿಕ್ಕ ರನ್‌ವೇಯ ಉದ್ದ 1,615 ಮೀಟರ್. ಅದು ಜೆಟ್ ಯುಗಕ್ಕೆ ಸಾಲದೆಂದು ಪಕ್ಕದಲ್ಲೇ ಕಣಿವೆ ತುಂಬಿಸಿ, ಗುಡ್ಡ ಕಡಿದು 2,450 ಮೀಟರಿನ ಎರಡನೆಯ ರನ್‌ವೇ ಮಾಡಿದರು. ಅದು ಬಳಕೆಗೆ ಬಂದದ್ದು 2006ರಲ್ಲಿ. ಅದೇ ವರ್ಷ ದುಬೈಗೆ ವಿಮಾನ ಹಾರಿತು.

ಆ ಎರಡನೆಯ ರನ್‌ವೇ ಕಟ್ಟುವ ಮುನ್ನ ನಡೆದದ್ದನ್ನು ನೀವು ಮರೆತಿದ್ದೀರಿ, ಅಥವಾ ನಿಮಗೆ ಯಾರೂ ಹೇಳಿಲ್ಲ. ನೀವು ‘ತಕರಾರಿನವರು’ ಎಂದು ಕರೆಯುವ ಊರಿನ ಜನ ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಕಟ್ಟಿಕೊಂಡು 1997ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಪರಿಹಾರದ ಮೊತ್ತಕ್ಕಾಗಿ ಜಗ್ಗಾಡಲು ಅವರು ಹೋಗಿರಲಿಲ್ಲ. ಈ ಜಾಗ ಸಾಲದು, ರನ್‌ವೇಯ ಅಕ್ಕಪಕ್ಕ ಮತ್ತು ತುದಿಗಳಲ್ಲಿ ಸುರಕ್ಷತೆಗೆ ಬೇಕಾದಷ್ಟು ನೆಲ ಉಳಿಯುವುದಿಲ್ಲ, ಯೋಜನೆ ನಿಯಮಗಳಿಗೆ ಹೊಂದುವುದಿಲ್ಲ ಎಂಬ ವಾದವನ್ನು ಅವರು ಕಾಗದಪತ್ರಗಳ ಸಮೇತ ಮುಂದಿಟ್ಟರು. ಹೈಕೋರ್ಟ್ ಒಪ್ಪಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ತಳ್ಳಿಹಾಕಿತು. ಆದರೆ ನಿರ್ಮಾಣದಲ್ಲಿ ಅನ್ವಯವಾಗುವ ಎಲ್ಲ ಕಾನೂನು ಮತ್ತು ಪರಿಸರ ನಿಯಮಗಳನ್ನು ಪಾಲಿಸಬೇಕೆಂದು ಸರ್ಕಾರಕ್ಕೆ ಹೇಳಿತು. ಒಮ್ಮೆಯೂ ವಿಮಾನ ಹತ್ತದ ಕೃಷಿಕರು ವಿಮಾನ ಇಳಿಯುವ ನೆಲದ ನಿಯಮಗಳನ್ನು ಓದಿ, ಅರ್ಥ ಮಾಡಿಕೊಂಡು, ಪ್ರಯಾಣಿಕರ ಪರವಾಗಿ ಮಾತಾಡಿದರು. ಆ ಪ್ರಯಾಣಿಕರಲ್ಲಿ ನೀವೂ ಒಬ್ಬರು.

2010ರ ಮೇ 22ರ ಬೆಳಗ್ಗೆ ಆರು ಗಂಟೆ ದಾಟುತ್ತಿದ್ದಂತೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಆ ರನ್‌ವೇಯ ತುದಿಯಲ್ಲಿ ನಿಲ್ಲಲಾಗದೆ ಕಣಿವೆಗೆ ಉರುಳಿತು. ಅದರಲ್ಲಿದ್ದವರು 166 ಮಂದಿ. 158 ಜನ ಹೋದರು, ಎಂಟು ಮಂದಿ ಉಳಿದರು. ಏರ್ ಮಾರ್ಷಲ್ ಭೂಷಣ್ ಗೋಖಲೆ ಅವರ ನೇತೃತ್ವದ ವಿಚಾರಣೆ, ಮುಖ್ಯ ಪೈಲಟ್ ಹದ ತಪ್ಪಿದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣ ಎಂದಿತು. ಪಕ್ಕದಲ್ಲಿದ್ದ ಸಹ ಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯದೆ ಮೇಲೇರು, ಎಂದು ಮೂರು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿತ್ತು. ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದೂರದಲ್ಲಿ; ಇಡೀ ರನ್‌ವೇ ಇರುವುದು 8,000 ಅಡಿ ಚಿಲ್ಲರೆ.

ನಿಮ್ಮ ಪತ್ರದಲ್ಲಿ ಈ ದುರಂತಕ್ಕೆ ಒಂದೇ ಸಾಲು ಇದೆ: ‘ಅದು ಪೈಲಟ್ ತಪ್ಪು ಎಂದು ಸಾಬೀತಾಗಿದೆ, ರನ್‌ವೇಯ ತಪ್ಪಲ್ಲ.’ ಈ ಒಂದು ಸಾಲಿಗಾಗಿ ನಿಮ್ಮನ್ನು ಸ್ವಲ್ಪ ಗದರಿಸಲು ಅನುಮತಿ ಕೊಡಿ. ತಪ್ಪು ಪೈಲಟ್‌ನದೇ. ಆದರೆ ಪೈಲಟ್ ತಪ್ಪು ಮಾಡುತ್ತಾನೆ ಎಂದು ಜಗತ್ತಿಗೆ ಗೊತ್ತಿರುವುದರಿಂದಲೇ ರನ್‌ವೇಯ ಕೊನೆಯಲ್ಲಿ ಖಾಲಿ ನೆಲ ಬಿಡಬೇಕೆಂಬ ನಿಯಮ ಹುಟ್ಟಿದ್ದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಆ ಸುರಕ್ಷತಾ ಪ್ರದೇಶಕ್ಕೆ ಕನಿಷ್ಠ 90 ಮೀಟರ್ ಎಂದು ನಿಗದಿ ಮಾಡಿ, ದೊಡ್ಡ ರನ್‌ವೇಗಳಿಗೆ 240 ಮೀಟರ್ ಇರಲಿ ಎಂದು ಶಿಫಾರಸು ಮಾಡಿದೆ. ಬಜ್ಪೆಯಲ್ಲಿ ಆ ದಿನ ಇದ್ದದ್ದು ಕನಿಷ್ಠದ 90. ಅದನ್ನೂ ದಾಟಿದ ವಿಮಾನದ ರೆಕ್ಕೆ, ದಿಕ್ಕು ತೋರಿಸುವ ಆಂಟೆನಾಕ್ಕೆಂದು ಕಟ್ಟಿದ್ದ ಕಾಂಕ್ರೀಟ್ ದಿಣ್ಣೆಗೆ ಬಡಿಯಿತು. ಅದರಾಚೆ ನೆಲವೇ ಇರಲಿಲ್ಲ. ಸಮತಟ್ಟಾದ ಊರಿನಲ್ಲಿ ರನ್‌ವೇ ದಾಟಿದ ವಿಮಾನ ಗದ್ದೆಯಲ್ಲಿ ಹೂತು ನಿಲ್ಲಬಹುದು, ಪದವಿನ ಮೇಲೆ ಅದಕ್ಕೆ ಅಂಥ ಅವಕಾಶವಿಲ್ಲ. ಹಾಗಾಗಿ ಬೇರೆಯವರಿಗೆ ಕನಿಷ್ಠ ಸಾಕಾದರೆ ನಮಗೆ ಸಾಲುವುದಿಲ್ಲ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ದುರಂತಕ್ಕೆ ಎರಡು ವರ್ಷ ಮೊದಲು, ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ಮುಂಬೈಯಿಂದ ಬರುತ್ತಿದ್ದೆ. ಮೋಡದೊಳಗಿಂದ ವಿಮಾನ ಕೆಳಗಿಳಿದು, ತೆಂಗಿನ ತಲೆಗಳು ಕಾಣಿಸಿ, ಇನ್ನೇನು ನೆಲ ಎನ್ನುವಾಗ ಎಂಜಿನ್‌ಗಳು ಅಬ್ಬರಿಸಿ ಮತ್ತೆ ಮೇಲೇರಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಕೊನೆಗೆ ಪೈಲಟ್ ಬೆಂಗಳೂರಿಗೆ ತಿರುಗಿಸಿದರು. ಒಳಗಿದ್ದವರೆಲ್ಲ ಪರಿಚಾರಕಿಯರ ಮೇಲೆ ಹರಿಹಾಯ್ದರು. ನಾನು ಬಾಯಿ ಬಿಡಲಿಲ್ಲ, ಮನಸ್ಸಿನಲ್ಲಿ ಶಪಿಸಿದೆ. ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಮರುದಿನ ಮಧ್ಯಾಹ್ನ ಮನೆ ಸೇರಿದೆ. ವಿಚಾರಣಾ ವರದಿ ಹೊರಬಂದ ಮೇಲೆ ಆ ಮೂರು ‘ಗೋ ಅರೌಂಡ್’ಗಳ ಬಗ್ಗೆ ಓದುತ್ತ ಕುಳಿತಾಗ, ಅಂದು ನಾನು ಶಪಿಸಿದ ಆ ಹೆಸರು ಗೊತ್ತಿಲ್ಲದ ಪೈಲಟ್‌ಗೆ ಮನಸ್ಸಿನಲ್ಲೇ ಕೈಮುಗಿದೆ. ಅಂದಿನಿಂದ ವಿಮಾನ ತಡವಾದರೆ ನಾನು ಗೊಣಗುವುದಿಲ್ಲ.

ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನ ಪದವಿನ ಮೇಲೆ ಅದೇ ಕಥೆ ಮರುಕಳಿಸಿತು. ಮತ್ತೆ ದುಬೈ ವಿಮಾನ, ಮತ್ತೆ ಮುಂಗಾರು ಮುಖದ ಕರಾವಳಿ, ಮತ್ತೆ ಹದ ತಪ್ಪಿದ ಇಳಿಕೆ, ಮತ್ತೆ ಸಹ ಪೈಲಟ್ ಹೇಳಿದ ಮಾತಿಗೆ ಸಿಗದ ಕಿವಿ. 21 ಜೀವಗಳು ಹೋದವು. 240 ಮೀಟರ್ ಸುರಕ್ಷತಾ ಪ್ರದೇಶಕ್ಕೆ ಅಲ್ಲಿ ಜಮೀನು ಸ್ವಾಧೀನವಾದದ್ದು ಅದರ ನಂತರ. ಅದಕ್ಕೂ ಮುನ್ನ, ಇರುವ ರನ್‌ವೇಯನ್ನೇ ತುಸು ಮೊಟಕುಗೊಳಿಸಿ ಆ ನೆಲವನ್ನು ಸುರಕ್ಷತೆಗೆ ಬಿಡುವ ಪ್ರಸ್ತಾಪ ಬಂದಾಗ, ಉದ್ದ ಕಡಿಮೆಯಾದರೆ ದೊಡ್ಡ ವಿಮಾನ ಬಾರದು ಎಂದು ವಿರೋಧ ಎದ್ದಿತ್ತು. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅದೇ.

ಜಾಗವಿಲ್ಲದ ಕಡೆ ಮಾಡಬಹುದಾದ್ದೂ ಇದೆ. ಹಗುರವಾದ, ಭಾರ ಬಿದ್ದರೆ ಪುಡಿಯಾಗುವ ವಿಶೇಷ ಕಾಂಕ್ರೀಟಿನ ಹಾಸನ್ನು ರನ್‌ವೇಯ ತುದಿಗೆ ಹಾಕುತ್ತಾರೆ. ಚಕ್ರಗಳು ಅದರಲ್ಲಿ ಹೂತು, ಕೆಸರಿಗೆ ಇಳಿದ ಗಾಡಿಯಂತೆ ವಿಮಾನ ನಿಲ್ಲುತ್ತದೆ. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ 1999ರಲ್ಲಿ ಒಂದು ಸಣ್ಣ ಪ್ರಯಾಣಿಕ ವಿಮಾನವನ್ನೂ 2005ರಲ್ಲಿ ಸರಕು ಹೊತ್ತ ಬೋಯಿಂಗ್ 747 ಅನ್ನೂ ಇಂಥ ಹಾಸು ಹಿಡಿದು ನಿಲ್ಲಿಸಿದೆ. ವಿಸ್ತರಣೆ ಎಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಇದು, ಆಮೇಲೆ ರನ್‌ವೇಯ ಇಕ್ಕೆಲದ ಸಮತಟ್ಟು ಪಟ್ಟಿಯ ಅಗಲ, ಆಮೇಲೆ ಇಳಿಜಾರಿನ ತಡೆಗೋಡೆ ಮತ್ತು ಮಳೆನೀರಿನ ಕಾಲುವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನೆಲದಲ್ಲಿ ಗುಡ್ಡದ ನೆತ್ತಿಗೆ ಕಾಂಕ್ರೀಟ್ ಹೊದಿಸಿದರೆ, ಇಂಗಬೇಕಾದ ನೀರೆಲ್ಲ ಕೆಂಪು ಮಣ್ಣು ಹೊತ್ತು ಕೆಳಗಿನ ಅಡಿಕೆ ತೋಟಕ್ಕೇ ಇಳಿಯಬೇಕು. ಗುಡ್ಡದ ಬುಡದ ಕೆಂಜಾರು, ಅದ್ಯಪಾಡಿಯ ಜನ ಮಳೆಗಾಲದಲ್ಲಿ ಗುಡ್ಡದ ಕಡೆ ನೋಡುತ್ತ ಮಲಗುವುದು ಏಕೆಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಇನ್ನು ‘ಹತ್ತಿಪ್ಪತ್ತು ಮನೆ’ಗಳ ವಿಚಾರ. ನೀವು ಸುರತ್ಕಲ್ಲಿನವರು. ನಿಮ್ಮ ಪಕ್ಕದ ಕಾಟಿಪಳ್ಳ, ಕೃಷ್ಣಾಪುರಗಳಿಗೆ ಜನ ಹೇಗೆ ಬಂದರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಪಣಂಬೂರಿನಲ್ಲಿ ಬಂದರು ಬರಬೇಕೆಂದು ಎಬ್ಬಿಸಲ್ಪಟ್ಟ ಕುಟುಂಬಗಳ ಊರು ಅವು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಆಮೇಲೆ ತೈಲ ಶುದ್ಧೀಕರಣ ಘಟಕ ಬಂತು, ಆಮೇಲೆ ವಿಶೇಷ ಆರ್ಥಿಕ ವಲಯ ಬಂತು. ಪ್ರತಿ ಸಲವೂ ಇಡೀ ಜಿಲ್ಲೆಯ ಭವಿಷ್ಯದ ಹೆಸರಿನಲ್ಲಿ ಇದೇ ಪಟ್ಟಿಯ ಜನ ದೈವಸ್ಥಾನ, ನಾಗಬನ, ಬಾಕಿಮಾರು ಗದ್ದೆ ಬಿಟ್ಟು ಎದ್ದು ನಡೆದರು. ನಾಗಬನಕ್ಕೆ ಯಾವ ಮಾರ್ಗಸೂಚಿ ದರ ಕಟ್ಟುತ್ತೀರಿ? 2013ರ ಭೂಸ್ವಾಧೀನ ಕಾಯ್ದೆ ಮಾರುಕಟ್ಟೆ ಮೌಲ್ಯದ ಮೇಲೆ ಶೇ 100 ಸಾಂತ್ವನ ಮೊತ್ತ, ಸಾಮಾಜಿಕ ಪರಿಣಾಮದ ಅಧ್ಯಯನ, ಪುನರ್ವಸತಿ ಎಲ್ಲವನ್ನೂ ಹೇಳುತ್ತದೆ. ಅದನ್ನು ಅಕ್ಷರಶಃ ಪಾಲಿಸಿ, ‘ಈ ನೆಲ ಬೇಕಾಗಿರುವುದು ವಿಮಾನ ಕಣಿವೆಗೆ ಬೀಳದಿರಲು’ ಎಂದು ಅಂಗಳದಲ್ಲಿ ಕುಳಿತು ಹೇಳಿದರೆ, ಒಲ್ಲೆ ಎನ್ನುವ ಮನೆಗಳು ಅಲ್ಲಿ ಹೆಚ್ಚಿರಲಾರವು. ವಿಮಾನ ಬಿದ್ದ ಆ ದಿನ ಬೆಂಕಿಯ ಕಡೆಗೆ ಮೊದಲು ಓಡಿಬಂದದ್ದೂ ಅದೇ ಮನೆಗಳವರು. ಅವರಿಗೆ ನೀವು ಬಳಸಿದ ಪದ ‘ತಕರಾರು’. ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಈ ನಿಲ್ದಾಣ ಯಾರದು ಎಂಬ ಪ್ರಶ್ನೆಗೆ ಇಂದು ಒಂದು ಉತ್ತರವಿಲ್ಲ. 2019ರ ಹರಾಜಿನಲ್ಲಿ ಪ್ರತಿ ಪ್ರಯಾಣಿಕನಿಗೆ 115 ರೂಪಾಯಿಯ ಲೆಕ್ಕದಲ್ಲಿ 50 ವರ್ಷಗಳ ಗುತ್ತಿಗೆ ಅದಾನಿ ಸಮೂಹಕ್ಕೆ ಹೋಯಿತು. 2020ರ ಅಕ್ಟೋಬರ್ ಕೊನೆಯಲ್ಲಿ ನಿರ್ವಹಣೆ ಹಸ್ತಾಂತರವಾಯಿತು. ವಾಯು ಸಂಚಾರದ ನಿಯಂತ್ರಣ ಮಾತ್ರ ವಿಮಾನ ನಿಲ್ದಾಣ ಪ್ರಾಧಿಕಾರದ ಬಳಿಯೇ ಇದೆ. ಪರವಾನಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು (ಡಿಜಿಸಿಎ). ಜಮೀನು ಕೊಡಿಸಬೇಕಾದ್ದು ರಾಜ್ಯ ಸರ್ಕಾರ. ಎಲ್ಲರಿಗೂ ಒಂದೊಂದು ಭಾಗ ಸೇರಿರುವಾಗ ರನ್‌ವೇಯಾಚೆ 90ಕ್ಕೂ 240ಕ್ಕೂ ನಡುವಿನ ಆ 150 ಮೀಟರ್ ನೆಲ ಯಾರ ಕೆಲಸವೂ ಆಗುವುದಿಲ್ಲ. ಟರ್ಮಿನಲ್ ವಿಸ್ತರಿಸಿದರೆ ಉದ್ಘಾಟನೆಯ ಫಲಕ ಹಾಕಬಹುದು, ಅಂಗಡಿಗಳಿಗೆ ಬಾಡಿಗೆ ಬರುತ್ತದೆ. ರನ್‌ವೇಯ ತುದಿಯ ಖಾಲಿ ನೆಲಕ್ಕೆ ಬಾಡಿಗೆ ಯಾರು ಕೊಡುತ್ತಾರೆ? 2023ರಲ್ಲಿ ತಿಂಗಳುಗಟ್ಟಲೆ ಹಗಲು ಹೊತ್ತು ವಿಮಾನ ನಿಲ್ಲಿಸಿ ಹಳೆಯ ಕಾಂಕ್ರೀಟ್ ರನ್‌ವೇಗೆ ಡಾಂಬರಿನ ಮೇಲ್ಮೈ ಹಾಸಿದಾಗ ನನಗೆ ನಿಜವಾಗಿ ಸಂತೋಷವಾಯಿತು, ಏಕೆಂದರೆ ಅದು ಫೋಟೊದಲ್ಲಿ ಚಂದ ಕಾಣದ, ಆದರೆ ಮಳೆಯಲ್ಲಿ ಚಕ್ರಕ್ಕೆ ಹಿಡಿತ ಕೊಡುವ ಕೆಲಸ. 2021ರ ಜೂನ್‌ನಲ್ಲಿ ಮರವೂರಿನ ಸೇತುವೆ ಕುಸಿದು, ಅಂತಾರಾಷ್ಟ್ರೀಯ ನಿಲ್ದಾಣದ ದಾರಿಯೇ ತುಂಡಾದದ್ದು ನಿಮಗೂ ನೆನಪಿರಬಹುದು. ಗಾಜಿನ ಗೋಡೆಗಳ ಬಗ್ಗೆ ಆಗುವ ಚರ್ಚೆಯ ಹತ್ತನೇ ಒಂದು ಪಾಲು ಆ ಸೇತುವೆಯ ಕಂಬದ ಬಗ್ಗೆ ಆಗಿರಲಿಲ್ಲ.

ಫಲ್ಗುಣಿ ನದಿಯ ದಡದಲ್ಲಿ, ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ, 2010ರ ದುರಂತದಲ್ಲಿ ಗುರುತು ಸಿಗದೆ ಉಳಿದ ಹನ್ನೆರಡು ಮಂದಿಯನ್ನು ಮಣ್ಣು ಮಾಡಿದ ಜಾಗದಲ್ಲಿ ಒಂದು ಸ್ಮಾರಕ ಉದ್ಯಾನವಿದೆ. ನಿಮ್ಮ ಮನೆಯಿಂದ ದೂರವಲ್ಲ. ಮುಂದಿನ ರಜೆಗೆ ಬಂದಾಗ ನಮ್ಮ ಕಚೇರಿಗೆ ಒಂದು ಕರೆ ಮಾಡಿ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಕೆಂಜಾರಿಗೆ ಹೋಗೋಣ. ಕಣಿವೆಯ ತಳದಲ್ಲಿ ನಿಂತು ತಲೆ ಎತ್ತಿ ನೋಡಿದರೆ ರನ್‌ವೇ ಕಾಣುವುದಿಲ್ಲ, ಇಳಿಯುವ ವಿಮಾನದ ಹೊಟ್ಟೆ ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ಆ ಕಾಲುದಾರಿ ತುಂಬಾ ಜಾರುತ್ತದೆ, ನವರಾತ್ರಿ ಕಳೆದ ಮೇಲೆ ಬನ್ನಿ.