ಫೋಟೋ ಬೇಡ, ರಸೀದಿ ಕೇಳಿ

ಡೊಂಬಿವಲಿಯ ಹಿರಿಯ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯ್ತು, ಗಣಪತಿ ಸಂಚಿಕೆ ಪ್ರೆಸ್ಸಿಗೆ ಕಳ್ಸೋ ಗಡಿಬಿಡೀಲಿ ಉತ್ತರ ತಡ ಆಯ್ತು, ಬೇಜಾರು ಮಾಡ್ಕೋಬೇಡಿ. ಉಳಿದ ಓದುಗರಿಗೂ ವಿಷ್ಯ ಗೊತ್ತಾಗ್ಲಿ ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ. ನಿಮ್ಮ ಸೊಸೈಟಿಯಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬ, ಅಪ್ಪ ಒಂದು ಆಫೀಸಿನ ಕ್ಯಾಂಟೀನ್ ನಡೆಸ್ತಾರೆ, ಏಳು ವರ್ಷದ ಹುಡುಗನಿಗೆ ಬ್ಲಡ್ ಕ್ಯಾನ್ಸರ್, ಟ್ರೀಟ್ಮೆಂಟ್ ಶುರುವಾಗಿ ಹತ್ತು ತಿಂಗ್ಳು. ಈಗ ಆ ಹುಡುಗನ ಅಜ್ಜಿ ಚಕ್ಲಿ, ಎಳ್ಳುಂಡೆ ಮಾಡಿ ಮಾರಿ, ಮಾಟುಂಗದಲ್ಲಿ ತಾಳಮದ್ದಳೆ ಇದ್ದ ದಿನ ಬಾಗಿಲ ಹತ್ರ ಡಬ್ಬಾ ಇಟ್ಕೊಂಡು ದುಡ್ಡು ಕೂಡಿಸ್ತಿದ್ದಾರೆ, ಅದೂ ಮೊಮ್ಮಗನಿಗಲ್ಲ, ಅವನು ಮಲಗೋ ಮಕ್ಕಳ ಆಸ್ಪತ್ರೆಗೆ. ನೀವು ಕೇಳಿದ್ದು, "ತಮಗೇ ಗತಿ ಇಲ್ಲದವರು ಆಸ್ಪತ್ರೆಗೆ ದಾನ ಮಾಡ್ತಾರೆ ಅಂದ್ರೆ ನಂಬೋದು ಹೇಗೆ? ಮನವಿ ಹಾಕಿದ ನೀವು ಹುಡುಗನ ಫೋಟೋ ಯಾಕೆ ಹಾಕ್ಲಿಲ್ಲ?"

ಮೊದಲು ಫೋಟೋ ವಿಷ್ಯ, ಯಾಕಂದ್ರೆ ಅದ್ರಲ್ಲಿ ತಪ್ಪು ಮಾಡಿದವನು ನಾನೇ.

ಹದಿನೈದು ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ ಒಂದು ಹುಡುಗಿಯ ಫೋಟೋ ಹಾಕಿದ್ದೆ, ತಲೆ ಬೋಳಾಗಿ, ಮುಖ ಊದಿ, ಮೂಗಿಗೆ ಪೈಪು. ದುಡ್ಡು ಚೆನ್ನಾಗೇ ಬಂತು, ನಾನೂ ಒಳ್ಳೇ ಕೆಲ್ಸ ಮಾಡ್ದೆ ಅಂತ ಎದೆ ಉಬ್ಬಿಸ್ಕೊಂಡು ಓಡಾಡಿದೆ. ಆ ಹುಡುಗಿ ಹುಷಾರಾದ್ಲು, ದೇವರ ದಯೆ, ಕಾಲೇಜಿಗೂ ಹೋದ್ಲು. ಒಂದಿನ ಗೆಳತಿ ಮನೇಲಿ ಹಳೇ ಪತ್ರಿಕೆಗಳ ಕಟ್ಟಿನಲ್ಲಿ ಆ ಪುಟ ಸಿಕ್ತಂತೆ, ಅಲ್ಲಿದ್ದವರೆಲ್ಲ ನೋಡಿ "ಅಯ್ಯೋ ಇದು ನೀನಾ" ಅಂದ್ರಂತೆ. ನಮ್ಮ ಆಫೀಸಿಗೆ ಬಂದು ಕೂತು, ಬೈಲಿಲ್ಲ, "ಸರ್, ಆಗ ನನ್ನನ್ನ ಯಾರೂ ಕೇಳ್ಲಿಲ್ಲ ಅಲ್ವಾ" ಅಂತ ಅಷ್ಟೇ ಅಂದ್ಲು. ಬೈದಿದ್ರೇ ಸಮಾಧಾನ ಇರ್ತಿತ್ತು. ಅವತ್ತಿಂದ ಕಾಯಿಲೆ ಮಕ್ಕಳ ಫೋಟೋ ಹಾಕಲ್ಲ, ತಂದೆತಾಯಿ ತಾವಾಗೇ ತಂದುಕೊಟ್ರೂ ಹಾಕಲ್ಲ.

ಇನ್ನು ನಿಮ್ಮ ಸಂಶಯ. ಸಂಶಯ ಪಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ ಮಾರಾಯ್ರೆ, ನಲವತ್ತು ವರ್ಷ ಬ್ಯಾಂಕಲ್ಲಿದ್ದವರು ನೀವು, ಲೆಕ್ಕ ಕೇಳೋದು ನಿಮ್ಮ ರಕ್ತದಲ್ಲೇ ಇದೆ. ಆದ್ರೆ ಲೆಕ್ಕ ಕೇಳಬೇಕಾದ ಜಾಗದಲ್ಲಿ ಹುಡುಗನ ಮುಖ ಕೇಳಿದ್ರಿ. ಬೋಳು ತಲೆ ನೋಡಿದ್ರೆ ಕಾಯಿಲೆ ಇದೆ ಅಂತ ಗೊತ್ತಾಗತ್ತೆ, ದುಡ್ಡು ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ವಲ್ಲ. ಅದಕ್ಕೆ ರಸೀದಿ ಬೇಕು. ದೊಡ್ಡ ಮೊತ್ತ ಕೊಡೋರು ಡಬ್ಬಾಕ್ಕೆ ಹಾಕೋದೇ ಬೇಡ, ಆಸ್ಪತ್ರೆ ಟ್ರಸ್ಟಿನ ಹೆಸರಿಗೇ ಚೆಕ್ ಅಥವಾ ಯುಪಿಐ ಮಾಡಿ ತಮ್ಮ ಹೆಸರಲ್ಲೇ ರಸೀದಿ ತಗೊಳ್ಳಿ. ಟ್ಯಾಕ್ಸ್ ವಿನಾಯಿತಿ ಬೇಕಿದ್ರೆ ಪ್ಯಾನ್ ನಂಬರ್ ಕೊಡಬೇಕು, ಕ್ಯಾಶ್ ಕೊಟ್ರೆ 2000 ರೂಪಾಯಿ ದಾಟಿದ ದಾನಕ್ಕೆ ವಿನಾಯಿತಿ ಸಿಗಲ್ಲ, ಇದು ನಿಮಗೆ ನಾನು ಹೇಳಬೇಕಾಗಿಲ್ಲ. ಹತ್ತು ಇಪ್ಪತ್ತು ರೂಪಾಯಿಯ ಚಿಲ್ಲರೆ ಬಂದ ಡಬ್ಬಾನ ಸೊಸೈಟಿಯ ಇಬ್ಬರ ಎದುರಿಗೆ ಬಿಚ್ಚಿ, ಎಣಿಸಿ, ನೋಟ್‌ಬುಕ್ಕಲ್ಲಿ ಬರೆದು ಸೈನ್ ಮಾಡಿಸಿ ಅಂತ ಅಜ್ಜಿಗೆ ಹೇಳ್ದೆ. "ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನವರೇ ಇರ್ಲಿ" ಅಂದ್ರು ಅವರು, ಅಂದ್ರೆ ನೀವು. ಇನ್ನೊಂದು ಮಾತು, ಇದು ಚಕ್ಲಿ ಡಬ್ಬಾ ದಾಟಿ ಮಂಡಳಿ ಮಾಡಿ ವರ್ಗಣಿ, ಅಂದ್ರೆ ಚಂದಾ, ಎತ್ತೋ ಮಟ್ಟಕ್ಕೆ ಹೋದ್ರೆ ಟ್ರಸ್ಟುಗಳ ಮೇಲ್ವಿಚಾರಣೆ ಮಾಡೋ ವರ್ಲಿಯ ಚಾರಿಟಿ ಕಮಿಷನರ್ ಆಫೀಸಲ್ಲಿ ಕೇಳ್ಕೊಂಡೇ ಮಾಡಬೇಕು, ಒಳ್ಳೇ ಕೆಲ್ಸ ಅಂತ ಕಾನೂನು ಬಿಡಲ್ಲ.

ಈಗ ಮುಖ್ಯ ಪ್ರಶ್ನೆ, ತಮ್ಮ ಮನೆಯಲ್ಲೇ ಕಷ್ಟ ಇಟ್ಕೊಂಡು ಆಸ್ಪತ್ರೆಗೆ ಯಾಕೆ.

ಈ ಕಾಯಿಲೆ ಹೇಗೆ ಅಂದ್ರೆ, ಮಕ್ಕಳಲ್ಲಿ ಜಾಸ್ತಿ ಕಾಣೋ ಬ್ಲಡ್ ಕ್ಯಾನ್ಸರ್‌ಗೆ ಎ‌ಎಲ್‌ಎಲ್ ಅಂತಾರೆ, ಟ್ರೀಟ್ಮೆಂಟ್ ಎರಡರಿಂದ ಮೂರು ವರ್ಷ. ಮೊದಲ ತಿಂಗಳ ಕೀಮೋ ಮುಗಿಯೋ ಹೊತ್ತಿಗೆ ಎಷ್ಟೋ ಮಕ್ಕಳ ರಿಪೋರ್ಟಲ್ಲಿ ಕ್ಯಾನ್ಸರ್ ಕಣ ಕಾಣೋದೇ ಇಲ್ಲ, ಸ್ಟೆರಾಯ್ಡ್ ಕೊಟ್ಟಿರೋದ್ರಿಂದ ಹಸಿವೋ ಹಸಿವು, ಈ ಹುಡುಗ ರಾತ್ರಿ ಎರಡು ಗಂಟೆಗೆ ಗೋಳಿಬಜೆ ಬೇಕು ಅಂತ ಹಠ ಹಿಡಿದು ಅಜ್ಜಿ ಎದ್ದು ಎಣ್ಣೆ ಇಟ್ಟರಂತೆ. ಮಗು ತಿಂತಾ ಇದೆ, ಆಡ್ತಾ ಇದೆ, ವಾಸಿ ಆಯ್ತು ಅನ್ಸತ್ತೆ. ಅಲ್ಲೇ ಮೋಸ. ಅಲ್ಲಿಗೇ ನಿಲ್ಸಿ ಊರಿಗೆ ಹೋದ್ರೆ ಕಾಯಿಲೆ ವಾಪಸ್ ಬರತ್ತೆ, ಎರಡನೇ ಸಲ ಬಂದದ್ದನ್ನ ಓಡಿಸೋದು ಬಹಳ ಕಷ್ಟ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಹೇಳೋ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕಿಂತ ಜಾಸ್ತಿ ಗುಣ ಆಗ್ತಾರೆ, ಬಡ ದೇಶಗಳು, ನಮ್ಮಂಥ ಮಧ್ಯಮ ದೇಶಗಳು ಸೇರಿದ ಗುಂಪಲ್ಲಿ ಎಷ್ಟೋ ಕಡೆ 30 ಕೂಡ ದಾಟಲ್ಲ, ಅದಕ್ಕೆ ಒಂದು ದೊಡ್ಡ ಕಾರಣ ಹೀಗೆ ಅರ್ಧಕ್ಕೆ ಬಿಟ್ಟು ಹೋಗೋದು.

ಬಿಟ್ಟು ಹೋಗೋದು ಔಷಧಿ ದುಡ್ಡಿಲ್ಲದೇ ಅಂತ ನಾವು ಅಂದ್ಕೊಳ್ತೀವಿ. ಮಹಾರಾಷ್ಟ್ರದಲ್ಲಿ ಸರ್ಕಾರದ ಜ್ಯೋತಿಬಾ ಫುಲೆ ಆರೋಗ್ಯ ಯೋಜನೆ ಇದೆ, ಚಾರಿಟಿ ಆಸ್ಪತ್ರೆಗಳು 100ಕ್ಕೆ 10 ಹಾಸಿಗೆ ಕಡುಬಡವರಿಗೆ ಫ್ರೀ, ಇನ್ನೂ 10 ರಿಯಾಯಿತಿಯಲ್ಲಿ ಇಡಬೇಕು ಅಂತ ನಿಯಮ ಇದೆ, ಬಿಲ್ಲಿಗೆ ಒಂದಲ್ಲ ಒಂದು ದಾರಿ ಇದೆ. ಆದ್ರೆ ಆಸ್ಪತ್ರೆ ಹತ್ರ ಪರೇಲಲ್ಲಿ ಉಳಿಯೋ ಖೋಲಿ ಬಾಡಿಗೆಗೆ ಯಾವ ಯೋಜನೆ? ಅಪ್ಪ ಕೆಲ್ಸ ಬಿಟ್ಟು ಕೂತ ದಿನಗಳ ಸಂಬಳ? ಊರಲ್ಲಿ ಬಿಟ್ಟು ಬಂದ ಇನ್ನೊಂದು ಮಗು? ಟಾಟಾ ಕ್ಯಾನ್ಸರ್ ಆಸ್ಪತ್ರೆ ಹೊರಗಿನ ಫುಟ್‌ಪಾತ್ ನೀವು ನೋಡಿರ್ತೀರಿ, ಬಿಹಾರ, ಬಂಗಾಳದಿಂದ ಬಂದವರು ಮಗುನ ಮಡಿಲಲ್ಲಿ ಮಲಗಿಸ್ಕೊಂಡು ಪ್ಲಾಸ್ಟಿಕ್ ಹಾಸ್ಕೊಂಡಿರೋದು. ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆ, 2006ರಲ್ಲಿ ಶುರುವಾದ ಸೇಂಟ್ ಜೂಡ್ ಸಂಸ್ಥೆಯ ಕಾಟನ್ ಗ್ರೀನಿನ ಮನೆಗಳು ಇಂಥವರಿಗೆ ಜಾಗ ಕೊಡ್ತಾವೆ, ಬರೋ ಜನಕ್ಕೆ ಎಷ್ಟಿದ್ರೂ ಸಾಲಲ್ಲ.

ಹುಡುಗನ ಅಮ್ಮ ಫೋನಲ್ಲಿ ಹೇಳಿದ್ದು ಇದನ್ನೇ. ಅವರ ಬಿಲ್ಲು ಯೋಜನೆಯಿಂದ, ಧಣಿ ಕೊಟ್ಟ ಸಾಲದಿಂದ, ಅಡವಿಟ್ಟ ಬಳೆಯಿಂದ ಹೇಗೋ ಸಾಗ್ತಿದೆ. ಪಕ್ಕದ ಹಾಸಿಗೆಯ ಹುಡುಗಿ ಒಂದು ಸೋಮವಾರ ಬರಲೇ ಇಲ್ಲ, ಆಮೇಲೂ ಬರ್ಲಿಲ್ಲ. ಫೋನ್ ಸ್ವಿಚಾಫು. ಇವನು ಈಗ್ಲೂ ಪ್ರತೀ ಸೋಮವಾರ "ಅವಳೆಲ್ಲಿ" ಅಂತ ಕೇಳ್ತಾನಂತೆ. ಅಜ್ಜಿಯ ಡಬ್ಬಾ ಶುರುವಾಗಿದ್ದು ಆ ವಾರ. ದುಡ್ಡು ಹೋಗೋದು ಆಸ್ಪತ್ರೆಯ ಸೋಶಿಯಲ್ ವರ್ಕರ್ ನೋಡ್ಕೊಳ್ಳೋ ಫಂಡಿಗೆ, ಬಾಡಿಗೆಗೆ, ಟ್ರೈನ್ ಟಿಕೆಟ್ಟಿಗೆ, ಹಾಲು ಮೊಟ್ಟೆಗೆ.

ಮುಂಬೈಗೆ ಇದು ಹೊಸದೂ ಅಲ್ಲ. ಪರೇಲಲ್ಲಿ ವಾಡಿಯಾ ಮನೆತನದವರು ಅಪ್ಪನ ಹೆಸರಲ್ಲಿ 1926ರಲ್ಲಿ ಹೆರಿಗೆ ಆಸ್ಪತ್ರೆ, ತಾಯಿ ಜೆರ್ಬಾಯಿ ಹೆಸರಲ್ಲಿ 1929ರಲ್ಲಿ ಮಕ್ಕಳ ಆಸ್ಪತ್ರೆ ಕಟ್ಟಿಸಿದ್ರು. ಅವರು ಗಿರಣಿ ಮಾಲೀಕರು, ಇವರು ಚಕ್ಲಿ ಮಾರೋರು, ಅದಕ್ಕೇ ಅವರನ್ನ ಯಾರೂ ಗತಿ ಇದೆಯಾ ಅಂತ ಕೇಳ್ಲಿಲ್ಲ. (ಈ ಸಾಲು ಸ್ವಲ್ಪ ಖಾರ ಆಯ್ತು, ಇರ್ಲಿ.)

ದುಡ್ಡು ಬಿಟ್ಟು ಇನ್ನೇನು ಕೊಡಬಹುದು ಅಂತ ಕೊನೇಲಿ ಕೇಳಿದ್ದೀರಿ. ಪ್ಲೇಟ್ಲೆಟ್, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕಣ. ಕೀಮೋ ಆದ ಮಕ್ಕಳಿಗೆ ಅದು ಪದೇ ಪದೇ ಬೇಕು, ತೆಗೆದಿಟ್ರೆ 5 ದಿನಕ್ಕಿಂತ ಜಾಸ್ತಿ ಉಳಿಯಲ್ಲ, ಆದ್ದರಿಂದ ಸ್ಟಾಕ್ ಮಾಡೋ ಮಾತೇ ಇಲ್ಲ. ನಿಮ್ಮ ವಯಸ್ಸಿಗೆ ತಗೊಳ್ಳಲ್ಲ, ನಿಮ್ಮ ಮಗ ಲೋಯರ್ ಪರೇಲಲ್ಲೇ ಕೆಲ್ಸ ಮಾಡೋದು ಅಂದಿದ್ರಿ, ಬ್ಲಡ್ ಬ್ಯಾಂಕಿಗೆ ಮೊದಲೇ ಫೋನ್ ಮಾಡಿ ಹೋಗ್ಲಿ, ಎರಡು ಗಂಟೆ ಬಿಡುವು ಮಾಡ್ಕೋಬೇಕು.

ಆಮೇಲೆ, ನಾಲ್ಕು ಪುಟ ಸಂಶಯ ಬರೆದು ಜೊತೆಗೆ 501 ರೂಪಾಯಿ ಚೆಕ್ ಇಟ್ಟಿದ್ದೀರಲ್ಲ, ಅದನ್ನ ನೋಡಿ ನಗು ಬಂತು, ಖುಷಿಯೂ ಆಯ್ತು. ಚೆಕ್ ನಮ್ಮ ಪತ್ರಿಕೆ ಹೆಸರಲ್ಲಿದೆ, ನಾವು ಹಾಕ್ಕೊಳ್ಳೋ ಹಾಗಿಲ್ಲ, ವಾಪಸ್ ಕಳ್ಸಿದ್ದೀನಿ. ಟ್ರಸ್ಟಿನ ಹೆಸರಲ್ಲಿ ಇನ್ನೊಂದು ಬರೆದು ಅಜ್ಜಿ ಕೈಗೇ ಕೊಡಿ, ನಿಮ್ಮ ಮನೆಯಿಂದ ಎರಡು ಮಾಳಿಗೆ ಮೇಲೆ ತಾನೇ. ಶೀತ ಕೆಮ್ಮು ಇದ್ರೆ ಒಳಗೆ ಹೋಗ್ಬೇಡಿ, ಹುಡುಗನಿಗೆ ಸೋಂಕು ಬೇಗ ತಗಲತ್ತೆ, ಬಾಗಿಲಲ್ಲೇ ಕೊಟ್ಟು ಬನ್ನಿ. ಚಕ್ಲಿ ಕೊಟ್ರೆ ಬೇಡ ಅನ್ಬೇಡಿ, ದುಡ್ಡು ಕೊಟ್ಟೇ ತಗೊಳ್ಳಿ.

ಇತಿ,
ಸಂಪಾದಕ