ಸ್ಕೂಲಿಂದ ರೋಡ್ ಕಾಣಲ್ಲ

ನನ್ನ ಫೈಲುಗಳಲ್ಲಿ ಒಂದು ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. 'ಮೂರು ಭೇಟಿಯ ನಂತರ ಬರಲಿಲ್ಲ. ಪೋಷಕರಿಗೆ ಆಸಕ್ತಿ ಕಡಿಮೆ.' ಇದನ್ನು ಬರೆದು ಫೈಲು ಕಪಾಟಿಗೆ ಹಾಕಿದರೆ ಮುಗೀತು. ಆ ಮಗು ಮತ್ತೆ ನೆನಪಾಗುವುದೂ ಕಷ್ಟ. ಹಾಗೆ ಕಪಾಟು ಸೇರಿದ್ದ ಒಂದು ಫೈಲನ್ನು ಮತ್ತೆ ಹೊರಗೆ ತೆಗೆಯಬೇಕಾಯಿತು. ಆ ಪ್ರಕರಣವನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಾಯಿ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನಾನು ಆಪ್ತಸಲಹೆ ಮಾಡುವುದು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಹುಡುಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ತಂದೆ ಒಂದೂವರೆ ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದರು. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಹೋಗಿ ಬರುವುದು ಕೆಲಸದವರನ್ನು ಕರೆದೊಯ್ಯುವ ವ್ಯಾನಿನಲ್ಲಿ. ಮನೆಯಲ್ಲಿ ಅಜ್ಜಿ. ಹುಡುಗನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಶಾಲೆಗೆ ಹೋಗಿ ಎರಡು ತಿಂಗಳಾಗಿತ್ತು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಆಗಿ ಏನೂ ಸಿಕ್ಕಿರಲಿಲ್ಲ. ತಾಯತ ಕಟ್ಟಿಸಿದ್ದೂ ಆಗಿತ್ತು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನನ್ನ ಹತ್ತಿರ ಕಳಿಸಿದರು.

ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಹೊಟ್ಟೆನೋವು ಸುಳ್ಳಲ್ಲ. ಪರೀಕ್ಷೆಗೆ ಮುಂಚೆ ನಮಗೇ ಹೊಟ್ಟೆ ಕಿವುಚಿದ ಹಾಗೆ ಆಗುತ್ತದೆ ಅಲ್ವಾ? ಭಯವಾದಾಗ ಕರುಳು ನಿಜವಾಗಿಯೂ ಹಿಂಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ ತಕ್ಷಣ 'ನಾಟಕ ಮಾಡ್ತಾನೆ' ಅನ್ನುವವರು ಆ ಮಗುವಿಗೆ ಎರಡನೇ ಸಲ ನೋವು ಕೊಡುತ್ತಾರೆ.

ಮೂರು ವಾರ ಬಂದರು. ನಾನು ಕಲಿತಿದ್ದನ್ನೆಲ್ಲಾ ಮಾಡಿದೆ. ಚಿತ್ರ ಬರೆಸಿದೆ, ಉಸಿರಾಟ ಹೇಳಿಕೊಟ್ಟೆ, ಗಣಿತದ ಮೇಷ್ಟ್ರ ಬಗ್ಗೆ ಕೇಳಿದೆ, ಜೊತೆಯ ಹುಡುಗರು ಕಾಡಿಸುತ್ತಾರಾ ಅಂತ ಕೇಳಿದೆ. ಅವನು ತಲೆ ಅಲ್ಲಾಡಿಸಿದನೇ ಹೊರತು ಮಾತಾಡಲಿಲ್ಲ. ನಾಲ್ಕನೇ ವಾರ ಬರಲಿಲ್ಲ. ಫೋನ್ ಮಾಡಿದರೆ ಹಗಲೆಲ್ಲಾ ಸ್ವಿಚ್ ಆಫ್. ತಿಂಗಳು ಕಾದು ಆ ಸಾಲು ಬರೆದೆ.

ಅದಾದ ಮೇಲೆ ಒಂದು ಭಾನುವಾರ ನಮ್ಮ ಕೇಂದ್ರದ ಪಕ್ಕದ ಟೀ ಅಂಗಡಿಯವರು ಫೋನ್ ಮಾಡಿದರು. "ಮೇಡಂ, ಯಾರೋ ತಾಯಿ ಮಗ ಬಂದು ಬೀಗ ನೋಡ್ಕೊಂಡು ಕೂತವ್ರೆ." ಸ್ಕೂಟರ್ ಹತ್ತಿ ಹೋದೆ. ಬೀಗದ ಕೈ ನಮ್ಮ ಸಹಾಯಕಿಯ ಹತ್ತಿರವಿತ್ತು, ಅವರು ಊರಿಗೆ ಹೋಗಿದ್ದರು. ಮೂವರೂ ಮೆಟ್ಟಿಲ ಮೇಲೆ ಕೂತೆವು.

ನಾನು ಸ್ವಲ್ಪ ಬಿಗಿಯಾಗೇ ಮಾತು ಶುರು ಮಾಡಿದೆ. "ಮಧ್ಯದಲ್ಲೇ ಬಿಟ್ಟುಬಿಟ್ರಲ್ಲಮ್ಮ. ಹೀಗಾದ್ರೆ ಮಗೂಗೆ ವಾಸಿ ಆಗೋದು ಹೇಗೆ?"

ಅವರು ಸೆರಗಿನ ತುದಿ ಸುತ್ತುತ್ತಾ ಹೇಳಿದರು. "ನಂಗೂ ಭಾನುವಾರ ರಜ, ನಿಮ್ಗೂ ಭಾನುವಾರ ರಜ. ಇನ್ನ ನಾವು ಸಿಗೋದು ಹೆಂಗೆ ಮೇಡಂ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ನಿಜವಾಗಿಯೂ ಕೇಳುತ್ತಿದ್ದರು. ಆಮೇಲೆ ಲೆಕ್ಕ ಹೇಳಿದರು. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ. ಜೊತೆಗೆ ಆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಎರಡು ತಿಂಗಳಲ್ಲಿ ಮೂರು ರಜೆ ಆಗಿ, ಸೂಪರ್‌ವೈಸರ್ ಇನ್ನೊಂದು ಸಲ ಹೀಗಾದರೆ ಬರಲೇಬೇಡ ಅಂದಿದ್ದನಂತೆ. ಲೈನಿನಲ್ಲಿ, ಅಂದರೆ ಹೊಲಿಗೆ ಮಷಿನ್ ಸಾಲಿನಲ್ಲಿ, ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ಸ್ವಿಚ್ ಆಫ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಇದೆ, ಹುಡುಗನಿಗೆ ಅರ್ಧ ಟಿಕೆಟ್ ಅಷ್ಟೇ. ಬರುವುದಕ್ಕೆ ಕಷ್ಟವಿಲ್ಲ ಅಂದುಕೊಂಡಿದ್ದವಳು ನಾನು.

ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನೆ ಹುಡುಗನ ಕಡೆ ತಿರುಗಿದೆ. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದ.

"ಯಾರು ಬರ್ತಾರೆ ಅಂತ ನೋಡ್ತಿದ್ದೀಯ?"

"ವ್ಯಾನು."

"ಇವತ್ತು ಭಾನುವಾರ ಅಲ್ವೇನೋ. ಅಮ್ಮ ಇಲ್ಲೇ ಇದ್ದಾರಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ. "ಮನೇಲಿದ್ರೆ ರೋಡ್ ಕಾಣ್ತದೆ. ಸ್ಕೂಲಿಂದ ಕಾಣಲ್ಲ."

"ರೋಡ್ ಕಾಣ್ದಿದ್ರೆ ಏನಾಗುತ್ತೆ?"

"ಅಪ್ಪ ಹೋದಾಗ ನಾನು ಸ್ಕೂಲಲ್ಲಿದ್ದೆ. ನೋಡ್ತಿರ್ಲಿಲ್ಲ."

ಶಾಲೆ ಬಿಟ್ಟ ಇಷ್ಟು ದಿನವೂ ಆ ಮಗು ಮನೆಯ ಜಗಲಿಯಲ್ಲಿ ಕೂತು ತಾಯಿಯನ್ನು ಕಾಯುತ್ತಿತ್ತು. ತಾನು ನೋಡುತ್ತಿದ್ದರೆ ಅಮ್ಮನಿಗೆ ಏನೂ ಆಗುವುದಿಲ್ಲ, ನೋಡದಿದ್ದರೆ ಆಗುತ್ತದೆ. ಹತ್ತು ವರ್ಷದ ಮನಸ್ಸು ಹಾಗೆ ಲೆಕ್ಕ ಹಾಕಿತ್ತು. ಮಕ್ಕಳು ಹೀಗೆ ಯೋಚಿಸುವುದು ಅಪರೂಪವೇನಲ್ಲ. ಮನೆಯಲ್ಲಿ ಸಾವಾದಾಗ ಎಷ್ಟೋ ಮಕ್ಕಳು ಅದು ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. ಯಾರಿಗೂ ಹೇಳುವುದಿಲ್ಲ.

ನಾನು ಬಾಯಿ ತೆರೆಯುವ ಮುಂಚೆಯೇ ತಾಯಿ ಎರಡು ಮೆಟ್ಟಿಲು ಇಳಿದು ಅವನ ಪಕ್ಕ ಕೂತರು. "ನಾನೂ ನೋಡ್ತಿರ್ಲಿಲ್ಲ ಕಣೋ ಮಗ. ನಾನೂ ಲೈನಲ್ಲಿದ್ದೆ." ಇಬ್ಬರೂ ಅತ್ತರು. ಬಹುಶಃ ಮೊದಲ ಸಲ ಜೊತೆಯಾಗಿ ಅತ್ತಿದ್ದು. ನಾನು ಇಪ್ಪತ್ತು ನಿಮಿಷ ಮಾತಾಡಿದ್ದರೂ ಇಷ್ಟು ಸರಿಯಾದ ಮಾತು ನನಗೆ ಸಿಗುತ್ತಿರಲಿಲ್ಲ. ನಾನು ಸೇರಿಸಿದ್ದು ಒಂದೇ ಮಾತು. "ನೀನು ನೋಡಿದ್ರೂ ನೋಡದಿದ್ರೂ ಅವತ್ತು ಹಾಗೇ ಆಗ್ತಿತ್ತು ಪುಟ್ಟ. ಅದು ನಿನ್ನಿಂದ ಆಗಿದ್ದಲ್ಲ."

ಆಮೇಲೆ ತಾಯಿಯನ್ನು ಕೇಳಿದೆ. ಶಾಲೆಯಲ್ಲಿ ರಸ್ತೆ ಕಾಣುವ ಜಾಗ ಎಲ್ಲೂ ಇಲ್ಲವಾ?

"ಅಡ್ಗೆಮನೆ ಹಿಂದ್ಗಡೆ ಬಾಗ್ಲಲ್ಲಿ ನಿಂತ್ರೆ ಕಾಣ್ತದಲ್ಲ. ಬಿಸಿಯೂಟದ ಅಕ್ಕ ನಮ್ಮ ಪಕ್ಕದ ಮನೆಯೋರೇ."

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿತು. ಇನ್ನು ಮುಂದೆ ವಾರವಾರ ನನ್ನ ಹತ್ತಿರ ಬರಬೇಡಿ ಅಂದೆ. ಚಿಕಿತ್ಸೆ ನಿಮ್ಮ ಊರಲ್ಲೇ ಆಗಲಿ, ನಾನು ಫೋನಿನಲ್ಲಿ ಜೊತೆಗಿರುತ್ತೇನೆ ಅಂದೆ.

ಮೊದಲ ವಾರ ಹುಡುಗ ಅಕ್ಕನ ಜೊತೆ ಶಾಲೆಗೆ ಹೋಗುವುದು, ಅಡುಗೆಮನೆ ಹತ್ತಿರ ಕೂರುವುದು, ಕ್ಷೀರಭಾಗ್ಯದ ಹಾಲು ಕುಡಿದು ಮನೆಗೆ ಬರುವುದು. ಕ್ಲಾಸಿಗೆ ಹೋಗಬೇಕಿಲ್ಲ. ಎರಡನೇ ವಾರ ಒಂದು ಪೀರಿಯಡ್ ಕೂತು ಮತ್ತೆ ಅಡುಗೆಮನೆಗೆ. ಆಮೇಲೆ ಮಧ್ಯಾಹ್ನದ ಊಟದವರೆಗೆ. ಊಟದ ಬಿಡುವಿನಲ್ಲಿ ತಾಯಿ ಅಕ್ಕನ ಫೋನಿಗೆ ಒಂದು ನಿಮಿಷ ಮಾತಾಡುವುದು. ರಸ್ತೆ ನೋಡುವುದಕ್ಕೆ ಮೊದಲು ಅಡ್ಡಿ ಮಾಡಬೇಡಿ ಅಂದೆ. ಆದರೆ ಅದನ್ನು ಹಾಗೇ ಬಿಟ್ಟರೆ ಕಾವಲು ಕಾಯುವ ಜಾಗ ಮನೆಯಿಂದ ಶಾಲೆಗೆ ಬದಲಾಗುತ್ತದೆ ಅಷ್ಟೇ, ಭಯ ಹೋಗುವುದಿಲ್ಲ. ಅದಕ್ಕೇ ಮುಂದೆ ಬೆಲ್ ಹೊಡೆಯುವ ಮುಂಚೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಆಮೇಲೆ ಅದೂ ಕಮ್ಮಿ. ತಾನು ನೋಡದೆಯೂ ಅಮ್ಮ ಸಂಜೆ ಬರುತ್ತಾಳೆ ಅನ್ನುವುದು ಅವನ ಮೈಗೇ ಗೊತ್ತಾಗಬೇಕಿತ್ತು. ಬಾಯಲ್ಲಿ ಹೇಳಿ ಅದನ್ನು ಕಲಿಸುವುದಕ್ಕೆ ಆಗುವುದಿಲ್ಲ.

ತಾಯಿಗೆ ಇನ್ನೊಂದು ಮಾತು ಹೇಳಿದೆ. ಹುಡುಗ ಅಳುತ್ತಾನೆ ಅಂತ ಅವರು ಅವನು ಏಳುವ ಮುಂಚೆ ಸದ್ದಿಲ್ಲದೆ ವ್ಯಾನ್ ಹತ್ತುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ, ಎಬ್ಬಿಸಿ ಹೇಳಿ ಹೋಗಿ ಅಂದೆ. ದಿನಾ ಅದೇ ಮಾತು, ಚಿಕ್ಕದಾಗಿ. "ಸಂಜೆ ಬತ್ತೀನಿ." ಅಳಲಿ ಪರವಾಗಿಲ್ಲ. ಕಣ್ಣು ಬಿಟ್ಟಾಗ ಅಮ್ಮ ಇಲ್ಲದಿರುವುದಕ್ಕಿಂತ ಆ ಅಳು ಒಳ್ಳೆಯದು. ಅಜ್ಜಿಗೆ ಹೇಳಿದ್ದು, ಶಾಲೆ ಹೊತ್ತಿನಲ್ಲಿ ಟಿವಿ ಬೇಡ, ಬೈಗುಳವೂ ಬೇಡ.

ಒಂದು ದಿನ ನಾನೇ ಆ ಶಾಲೆಗೆ ಹೋದೆ. ಮುಖ್ಯ ಶಿಕ್ಷಕರು ಕೇಳಿದರು. "ಬರೀ ಹಾಲು ಕುಡಿಯೋಕೆ ಬಂದ್ರೆ ಹಾಜರಿ ಹೆಂಗ್ ಹಾಕ್ಲಿ ಮೇಡಂ?" ಅವರ ಪ್ರಶ್ನೆ ಸರಿಯಾದದ್ದೇ. ಅರ್ಧ ಗಂಟೆ ಮಾತಾಡಿದ ಮೇಲೆ ಒಪ್ಪಿದರು. ಕ್ಲಾಸ್ ಟೀಚರಿಗೆ ಕೇಳಿಕೊಂಡಿದ್ದು ಇಷ್ಟೇ. ಹೊಟ್ಟೆನೋವು ಅಂದರೆ ಮನೆಗೆ ಕಳಿಸಬೇಡಿ. ಹತ್ತು ನಿಮಿಷ ಮಲಗಿಸಿ, ನೀರು ಕೊಡಿ, ಮತ್ತೆ ಕ್ಲಾಸಿಗೆ ಕೂರಿಸಿ. ಜ್ವರ ಇದ್ದರೆ ಆ ಮಾತು ಬೇರೆ.

ಈ ಸಲಹೆಯನ್ನು ನನ್ನ ಜೊತೆಯ ಕೆಲವರು ಒಪ್ಪಲಿಲ್ಲ. ಅಡುಗೆ ಮಾಡುವವರ ಕೈಗೆ ಚಿಕಿತ್ಸೆ ಕೊಡುವುದಾ ಅಂತ ಕೇಳಿದರು. ಮಗು ಹೇಳಿದ್ದನ್ನು ಗುಟ್ಟಾಗಿಡುವುದು ಏನಾಯಿತು ಅಂದರು. ಎರಡೂ ಪ್ರಶ್ನೆಗೆ ಉತ್ತರ ಕೊಡಬೇಕು. ಯೋಜನೆ ಮಾಡಿದ್ದು ನಾನು, ತಪ್ಪಾದರೆ ಜವಾಬ್ದಾರಿಯೂ ನನ್ನದೇ. ಅಕ್ಕ ಮಾಡಿದ್ದು ಕೈ ಹಿಡಿದು ಕರೆದುಕೊಂಡು ಹೋಗಿದ್ದು, ಪಕ್ಕದಲ್ಲಿದ್ದದ್ದು. ಮೆಟ್ಟಿಲ ಮೇಲೆ ಹುಡುಗ ಏನು ಹೇಳಿದ ಅನ್ನುವುದು ಅಕ್ಕನಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಏನು ಮಾಡಬೇಕು ಅಂತ ಮಾತ್ರ ಅವರಿಗೆ ಹೇಳಿದ್ದು. ಅದನ್ನೂ ಹುಡುಗನನ್ನು ಕೇಳಿಯೇ ಹೇಳಿದ್ದು. "ಅಕ್ಕಂಗೆ ಹೇಳ್ಲಾ?" ಅಂದಾಗ "ಹೂಂ" ಅಂದಿದ್ದ. ಹತ್ತು ವರ್ಷದವರನ್ನೂ ಕೇಳಬೇಕು. ಹಾಗಂತ ಬಿಸಿಯೂಟದವರ ತಲೆ ಮೇಲೆ ಇನ್ನೊಂದು ಕೆಲಸ ಹೇರಿ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಸಿಗುವ ಗೌರವಧನ ಎಷ್ಟು ಕಮ್ಮಿ ಅನ್ನುವುದು ಎಲ್ಲರಿಗೂ ಗೊತ್ತು. ಈ ಅಕ್ಕ ಪ್ರೀತಿಯಿಂದ ಮಾಡಿದರು. ಬೇರೆ ಊರಲ್ಲಿ ಅದು ಆಶಾ ಕಾರ್ಯಕರ್ತೆ ಇರಬಹುದು, ಅಂಗನವಾಡಿ ಟೀಚರ್ ಇರಬಹುದು, ಸ್ವಂತ ಚಿಕ್ಕಪ್ಪನೇ ಇರಬಹುದು.

ಇದು ಹೊಸ ಯೋಚನೆಯೂ ಅಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೊಡ್ಡವರಿಗೆ ಮಾಡಿದ್ದನ್ನು ಮಕ್ಕಳಿಗೆ ಮಾಡುವುದಕ್ಕೆ ನಾವು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದೇವೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಕಂಡಿತ್ತು. ಮುನ್ನೂರು ಮಕ್ಕಳಿರುವ ಹೈಸ್ಕೂಲಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಅಂತಾಯಿತು. ಅವರೆಲ್ಲಾ ನನ್ನಂಥವರ ರೂಮಿಗೆ ಬರುತ್ತಾರೆ ಅಂದುಕೊಂಡು ಕೂತರೆ ಆಗುತ್ತದಾ?

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ದಯವಿಟ್ಟು ಅಲ್ಲಿಗೆ ಹೋಗಿ. ಆದರೆ ಮಂಗಳವಾರ ಹಗಲು ಆ ತಾಯಿ ಲೈನಿನಲ್ಲಿರುತ್ತಾರೆ. ಹಾಗಾಗಿ ಅವರಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆದಿಟ್ಟು ಫೋನ್ ಮಾಡುವುದು ಅವರಿಂದ ಆಗುತ್ತದೆ.

ಒಂದು ಎಚ್ಚರಿಕೆ. ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಊಟ ನಿದ್ದೆ ಪೂರ್ತಿ ಬಿಟ್ಟರೆ, ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಅದು ಅಕ್ಕಪಕ್ಕದವರ ಕೈಲಿ ಆಗುವ ಕೆಲಸವಲ್ಲ. ಕೂಲಿ ಹೋದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರಾದರೂ ಮಗುವಿಗೆ ಹಿಂಸೆ ಕೊಡುತ್ತಿದ್ದಾರೆ ಅನ್ನುವ ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹುಡುಗ ಪೂರ್ತಿ ದಿನ ಕ್ಲಾಸಿನಲ್ಲಿ ಕೂರುವುದಕ್ಕೆ ಎರಡೂವರೆ ತಿಂಗಳು ಹಿಡಿಯಿತು. ದಸರಾ ರಜೆ ಮುಗಿದ ಮೇಲೆ ಮತ್ತೆ ನಾಲ್ಕು ದಿನ ಹೊಟ್ಟೆನೋವು ಬಂತು. ಗಾಬರಿಯಾಗಿ ತಾಯಿ ಫೋನ್ ಮಾಡಿದರು. ಹಾಲಿನಿಂದಲೇ ಮತ್ತೆ ಶುರು ಮಾಡಿ ಅಂದೆ. ಈ ಸಲ ವಾರದಲ್ಲಿ ಸರಿಹೋಯಿತು. ಈಗಲೂ ಮಳೆ ಜೋರಾಗಿ ವ್ಯಾನ್ ತಡವಾದರೆ ಅವನಿಗೆ ಊಟ ಸೇರುವುದಿಲ್ಲವಂತೆ.

ನಮ್ಮ ಕೇಂದ್ರವನ್ನು ಈಗ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ತೆರೆಯುತ್ತೇವೆ. ಬದಲಿಗೆ ಸೋಮವಾರ ರಜೆ. ಮೊದಲ ಭಾನುವಾರ ನಾನು ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಆ ತಾಯಿಯ ಲೈನಿನಲ್ಲೇ ಕೆಲಸ ಮಾಡುವ ಇನ್ನೊಬ್ಬರು, ಅವರ ಏಳು ವರ್ಷದ ಮಗಳು. ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ ಶಾಲೆಯಲ್ಲಿ ಒಂದು ಮಾತೂ ಆಡುವುದಿಲ್ಲವಂತೆ. ಟೀಚರು ಮೂಗಿ ಅಂದುಕೊಂಡಿದ್ದಾರಂತೆ.